ಚನ್ನಾಜಿಯ ಮೂರು ಬಾಗಿಲುಗಳು

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಮಂಜಿಷ್ಠ ಅನ್ನುವ ರಾಜ್ಯವೊಂದಿತ್ತು. ಅದರ ಸುತ್ತ ದಟ್ಟವಾದ ಕಾಡು. ಕತ್ತಲಾದರೆ ಸಾಕು, ಆ ಕಾಡಿನಿಂದ ಕೊಳ್ಳಿದೆವ್ವಗಳು ಇಳಿದು ಬರುತ್ತಿದ್ದವು. ಅವು ಯಾರ ಜೀವವನ್ನೂ ತೆಗೆಯುತ್ತಿರಲಿಲ್ಲ. ಮನೆಯೊಳಗೆ ನುಗ್ಗಿ ಅಡುಗೆಯ ರುಚಿಯನ್ನೆಲ್ಲ ಕದ್ದುಕೊಂಡು ಹೋಗುತ್ತಿದ್ದವು. ಮಾರನೆಯ ದಿನ ಸಾರಿಗೆ ಹುಳಿಯಿಲ್ಲ, ಬೆಲ್ಲಕ್ಕೆ ಸಿಹಿಯಿಲ್ಲ. ಇದಕ್ಕಿಂತ ಜೀವ ಹೋಗುವುದೇ ವಾಸಿ ಎಂದು ಆ ರಾಜ್ಯದ ಗಂಡಸರು ಹೇಳುತ್ತಿದ್ದರಂತೆ. ಅಡುಗೆ ಮಾಡಿದವರನ್ನು ಯಾರೂ ಕೇಳಲಿಲ್ಲ.

ಅದಕ್ಕೇ ಅಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಒಂದು ಕಾವಲು ಮೃಗದ ಚಿತ್ರ ಬರೆಸುತ್ತಿದ್ದರು. ಆನೆಯ ಸೊಂಡಿಲಿನ ಯಾಳಿಯೋ, ಎಂಟು ಕಾಲಿನ ಶರಭವೋ, ಎರಡು ತಲೆಯ ಗಂಡಭೇರುಂಡವೋ, ಅವರವರ ಭಕ್ತಿಗೆ ತಕ್ಕಂತೆ. ಚಿತ್ರವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕಣ್ಣು ಬರೆಯಬೇಕು. ಕಣ್ಣು ತೆರೆಸುವುದು ಅನ್ನುತ್ತಿದ್ದರು ಅದಕ್ಕೆ. ಕಣ್ಣು ತೆರೆದೊಡನೆ ಮೃಗಕ್ಕೆ ಜೀವ ಬರುತ್ತಿತ್ತು. ಅದು ಮೊದಲು ಯಾರ ಮುಖ ನೋಡುತ್ತದೋ ಅವರೇ ಅದರ ಒಡೆಯರು. ಹಾಗಾಗಿ ಮನೆಯವರು ಎದುರಿಗೆ ನಿಲ್ಲುತ್ತಿದ್ದರು. ಚಿತ್ರ ಬರೆದವರು ಪಕ್ಕಕ್ಕೆ ಸರಿದು, ಮುಖ ತಿರುಗಿಸಿ, ಕೈಯಲ್ಲೊಂದು ಕನ್ನಡಿ ಹಿಡಿದು, ಕನ್ನಡಿಯೊಳಗೆ ನೋಡಿಕೊಂಡು ಕಣ್ಣು ಬರೆಯುತ್ತಿದ್ದರು.

ಈ ಕೆಲಸವೆಲ್ಲ ಅರಮನೆಯ ಚಿತ್ರಶಾಲೆಯದು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಗ. ಬಾಲ ಬರೆಯುವವನು ಹುಟ್ಟಿನಿಂದ ಸಾಯುವ ತನಕ ಬಾಲವನ್ನೇ ಬರೆಯುತ್ತಿದ್ದ. ಚನ್ನಾಜಿ ಅನ್ನುವ ಹುಡುಗಿಯ ಪಾಲಿಗೆ ಬಂದದ್ದು ಕಾಲಿನ ಉಗುರು. ವರ್ಷಗಟ್ಟಲೆ ಅವಳು ಉಗುರು ಬರೆದಳು. ಇಡೀ ಮೃಗವೊಂದು ಅವಳ ತಲೆಯೊಳಗೆ ಓಡಾಡುತ್ತಿತ್ತು, ಕೈಯಲ್ಲಿ ಮಾತ್ರ ಬರೀ ಉಗುರು. ಒಂದು ದಿನ ಅವಳು ಕುಂಚ ತೊಳೆದು ಸೆರಗಿಗೆ ಒರೆಸಿಕೊಂಡು, ಚಿತ್ರಶಾಲೆಯ ಹಿರಿಯ ಬಮ್ಮೋಜನ ಮುಂದೆ ನಿಂತು, ಇನ್ನು ಮೇಲೆ ತಾನೇ ಬೀದಿ ಬೀದಿ ಸುತ್ತಿ ಕೆಲಸ ಹಿಡಿಯುತ್ತೇನೆ ಅಂದಳು.

ಬಮ್ಮೋಜ ಬೈಯಲಿಲ್ಲ. ನಿಯಮ ಓದಿ ಹೇಳಿದ, ಅಷ್ಟೆ. ಚಿತ್ರಶಾಲೆ ಬಿಟ್ಟು ಬರೆಯುವವರ ಮೃಗಗಳು ಆಯುಧಪೂಜೆಯೊಳಗೆ ಮೂರು ಬಾಗಿಲು ಕಾಯುತ್ತಿರಬೇಕು. ಇಲ್ಲದಿದ್ದರೆ ಆವತ್ತೇ ಕುಂಚವನ್ನು ಹೊಳೆಗೆ ಬಿಡಬೇಕು. ಕುಂಚ ಮುಳುಗಿದರೆ ಕೈಯ ಕಸುಬೂ ಮುಳುಗಿದಂತೆ. ಮತ್ತೆ ಜನ್ಮದಲ್ಲಿ ಒಂದು ಗೆರೆ ಎಳೆಯಲಿಕ್ಕಾಗದು.

ಮನೆಯಲ್ಲಿ ಅವ್ವ ತಲೆ ಚಚ್ಚಿಕೊಂಡಳು. "ಉಗುರಾದರೆ ಏನಾಯ್ತೇ? ಅರಮನೆಯ ಉಗುರು. ತಿಂಗಳಾದರೆ ಅಕ್ಕಿ ಬರ್ತಿತ್ತು."

ಚನ್ನಾಜಿ ಬಣ್ಣದ ಬಟ್ಟಲುಗಳನ್ನು ಬುಟ್ಟಿಗೆ ತುಂಬಿಕೊಂಡು ಹೊರಟೇಬಿಟ್ಟಳು.

ಹೊರಟಳು ಅಂದರೆ ಕೆಲಸ ಸಿಕ್ಕಿತು ಅಂತಲ್ಲ. ಅವಳು ಬಟ್ಟೆಯ ಮೇಲೆ ಬರೆದು ತೋರಿಸಿದ ಮೃಗಗಳನ್ನು ಜನ ಅತ್ತ ಇತ್ತ ತಿರುಗಿಸಿ ನೋಡಿದರು. ಯಾಳಿ ಅಂದರೆ ಹೀಗಿರುತ್ತದೆಯೇ, ಇದಕ್ಕೆ ಮೇಕೆಯ ಕಿವಿ ಯಾಕೆ, ಚಿತ್ರಶಾಲೆಯವರ ಯಾಳಿಯ ಹಾಗೇ ಬರೆದುಕೊಡು ಅಂದರು. ಅದು ಬೇಕಿದ್ದರೆ ಚಿತ್ರಶಾಲೆಗೇ ಹೋಗಿ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದು ಎಷ್ಟೋ ಸಲ ವಾಪಸ್ಸು ಹೋಯಿತು.

ಕೊನೆಗೆ ಊರಾಚೆಯ ಸೂಲಗಿತ್ತಿ ದುರುಗವ್ವ ಅವಳನ್ನು ಕರೆದಳು. ಹೊತ್ತಲ್ಲದ ಹೊತ್ತಿನಲ್ಲಿ ಹೆಂಗಸರು ನೋವು ತಿನ್ನುತ್ತ ಬಾಗಿಲಿಗೆ ಬರುತ್ತಾರೆ, ಚಿತ್ರಶಾಲೆಯ ಯಾಳಿ ಅವರನ್ನೂ ಗದರಿ ಓಡಿಸುತ್ತದೆ, ಏನು ಮಾಡಲಿ ಅಂದಳು. ಅಂಥ ನರಳಾಟ ದೂರದಿಂದಲೇ ಕೇಳಿಸಲಿ ಅಂತ ಚನ್ನಾಜಿ ಮೊರದಗಲ ಕಿವಿಯ ಯಾಳಿಯೊಂದನ್ನು ಬರೆದಳು. ಎಲ್ಲ ಸರಿಯಾಯಿತು, ಕಣ್ಣಿನ ಹೊತ್ತಿಗೆ ಕುಂಚ ಜಾರಿತು. ಉಗುರು ಬರೆದ ಕೈಯಲ್ಲವೇ, ಕನ್ನಡಿ ಹಿಡಿದು ರೂಢಿಯಿರಲಿಲ್ಲ. ಬಲಗಣ್ಣು ದುರುಗವ್ವನನ್ನು ನೋಡಿತು. ಎಡಗಣ್ಣು ಬೇಲಿಯ ಕಡೆ ಹೊರಳಿತು. ಚನ್ನಾಜಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ದುರುಗವ್ವ ಯಾಳಿಯ ಗಲ್ಲ ಹಿಡಿದು ನೋಡಿದಳು. "ಮೆಳ್ಳಗಣ್ಣು. ಇರಲಿ ಬಿಡವ್ವ. ಬರೋರನ್ನೂ ನೋಡ್ತದೆ, ದೆವ್ವಾನೂ ನೋಡ್ತದೆ. ಮೊದಲ ಕೂಸು ಯಾರಿಗೂ ಸಲೀಸಲ್ಲ."

ಒಂದು ಬಾಗಿಲಾಯಿತು.

ಎರಡನೆಯದು ಗಾಣದ ಮಾದಿಸೆಟ್ಟಿಯದು. ಮಾದಿಸೆಟ್ಟಿ ಒಳ್ಳೆಯವನೇ. ಆದರೆ ಅವನಿಗೊಬ್ಬ ತಮ್ಮನಿದ್ದ, ತಮ್ಮನಿಗೊಬ್ಬ ಹೆಂಡತಿ, ಅವಳಿಗೊಬ್ಬ ಸೋದರಮಾವ, ಎಲ್ಲರಿಗೂ ಒಂದೊಂದು ಅಭಿಪ್ರಾಯ. ಚನ್ನಾಜಿ ಸೊಗಸಾದ ಶರಭವೊಂದನ್ನು ಬರೆದಳು. ರೆಕ್ಕೆ ಇದ್ದರೆ ಚೆನ್ನ ಅಂದ ತಮ್ಮ. ಅವಳು ಮೇಲೊಂದು ತೆಳು ಸುಣ್ಣ ಬಳಿದು, ರೆಕ್ಕೆಯಿಟ್ಟು ಮತ್ತೆ ಬರೆದಳು. ರೆಕ್ಕೆಗೆ ಮೈ ಸಣ್ಣದಾಯಿತು ಅಂದಳು ತಮ್ಮನ ಹೆಂಡತಿ. ಮತ್ತೆ ಸುಣ್ಣ. ಘರ್ಜಿಸುವಂತಿರಬೇಕು, ಆದರೆ ನೆಂಟರು ಬಂದರೆ ನಗುವಂತೆಯೂ ಇರಬೇಕು ಅಂದ ಸೋದರಮಾವ. ಅವನು ಆ ಮನೆಯಲ್ಲಿ ವಾಸವೂ ಇರಲಿಲ್ಲ. ಹೀಗೆ ಬಳಿದು ಬರೆದು, ಬರೆದು ಬಳಿದು ಬಾಗಿಲೇ ಒಂದು ಗೇಣು ದಪ್ಪವಾದ ಮೇಲೆ, ಮಾದಿಸೆಟ್ಟಿ ಗಡ್ಡ ನೀವಿಕೊಂಡು, ಮೊದಲನೆಯದೇ ಚೆನ್ನಾಗಿತ್ತಲ್ಲವೇನಮ್ಮ ಅಂದ.

ಚನ್ನಾಜಿ ಬಾವಿಗೆ ಹೋಗಿ ನೀರು ಸೇದಿ, ಒಂದು ಕೊಡವನ್ನು ತನ್ನ ತಲೆಯ ಮೇಲೇ ಸುರಿದುಕೊಂಡಳು. ಆಮೇಲೆ ಒದ್ದೆ ಬಟ್ಟೆಯಿಂದ ಸುಣ್ಣವನ್ನೆಲ್ಲ ಪದರ ಪದರವಾಗಿ ಒರೆಸಿದಳು. ಅಡಿಯಲ್ಲಿ ಮೊದಲ ಶರಭ ಹಾಗೇ ಕಾದಿತ್ತು. ಕಣ್ಣು ತೆರೆಸಿದಾಗ ಅದು ಒಟ್ಟು ಕುಟುಂಬವನ್ನು ಒಮ್ಮೆ ನೋಡಿ ದೊಡ್ಡದೊಂದು ನಿಟ್ಟುಸಿರು ಬಿಟ್ಟಿತು.

ಎರಡು ಬಾಗಿಲಾಯಿತು. ಆಯುಧಪೂಜೆಗೆ ಉಳಿದದ್ದು ಕೆಲವೇ ದಿನ. ಮೂರನೆಯದಕ್ಕೆ ಯಾರೂ ಕರೆಯಲಿಲ್ಲ. ಬೀದಿಗಳೆಲ್ಲ ಸುತ್ತಿ ಅಂಗಾಲು ಸೀಳಿತು. ಅವ್ವ ಬೈಯುವುದನ್ನೂ ಬಿಟ್ಟಿದ್ದಳು; ಅದೇ ಚನ್ನಾಜಿಗೆ ಹೆಚ್ಚು ಭಯ.

ಆಗ ಕರಿಬೆಟ್ಟದ ಮೇಲಿಂದ ಅಂಜನರಾಯ ಪಲ್ಲಕ್ಕಿ ಕಳಿಸಿದ. ಅವನು ಗಾರುಡಿಗ, ಮಹಾ ಮಾಯಾವಿ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಎದುರಿಗೆ ನೋಡಿದರೆ ಎಷ್ಟು ನಯ, ಎಷ್ಟು ವಿನಯ! ಬಾ ತಾಯಿ, ನಿನ್ನ ಮೆಳ್ಳಗಣ್ಣಿನ ಯಾಳಿ ನೋಡಿ ಮೂರು ದಿನ ಊಟ ಸೇರಲಿಲ್ಲ, ನನ್ನ ಹೆಬ್ಬಾಗಿಲಿಗೆ ನೀನೇ ಬರೆಯಬೇಕು, ಈ ಬಾಗಿಲನ್ನು ದೇಶದೇಶದ ರಾಜರು ನೋಡುತ್ತಾರೆ, ನಿನ್ನ ಹೆಸರು ಎಲ್ಲಿಗೋ ಹೋಗುತ್ತದೆ ಅಂದ. ಬೆಳ್ಳಿ ತಟ್ಟೆಯಲ್ಲಿ ವೀಳ್ಯ ಚಾಚಿದ. ಚನ್ನಾಜಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೆಲಸಕ್ಕೆ ಹಸಿದವರು ಮೊದಲು ಕೇಳಬೇಕಾದ್ದನ್ನು ಯಾವಾಗಲೂ ಆಮೇಲೆ ಕೇಳುತ್ತಾರೆ.

ಆ ರಾಜ್ಯದಲ್ಲಿ ವೀಳ್ಯ ಹಿಡಿದರೆ ಮುಗಿಯಿತು. ಹಿಡಿದು ಕೆಲಸ ಅರ್ಧಕ್ಕೆ ಬಿಟ್ಟವರ ಕುಂಚಕ್ಕೆ ಮತ್ತೆ ಬಣ್ಣ ಅಂಟುತ್ತಿರಲಿಲ್ಲ.

ವೀಳ್ಯ ಸೆರಗು ಸೇರಿದ ಮೇಲೆ ಅಂಜನರಾಯ ಮುಗುಳ್ನಕ್ಕ. "ಒಂದು ಸಣ್ಣ ಮಾತು. ಕಣ್ಣು ಮಾತ್ರ ನೀನು ಬರೆಯಬಾರದು. ಅದನ್ನು ನಾನೇ ಬರೆಯುತ್ತೇನೆ."

ಹಿತ್ತಲಿನಲ್ಲಿ ಕೆಲವರು ಕೂತು ತಲೆಯೆತ್ತದೆ ಬಣ್ಣ ಅರೆಯುತ್ತಿದ್ದರು. ಬಣ್ಣ ತರಲು ಹೋದ ಚನ್ನಾಜಿಗೆ ಅವರಲ್ಲೊಬ್ಬ ಮುದುಕನ ಗುರುತು ಹತ್ತಿತು. ತಿಪ್ಪೋಜ! ಒಂದು ಕಾಲದಲ್ಲಿ ಅವನು ಬರೆದ ನವಿಲನ್ನು ನೋಡಲಿಕ್ಕೇ ಮೋಡ ಇಳಿಯುತ್ತಿತ್ತಂತೆ. ಅವನೂ ಚಿತ್ರಶಾಲೆ ಬಿಟ್ಟು ಸ್ವಂತಕ್ಕೆ ಬರೆಯುತ್ತೇನೆಂದು ಹೋದವನೇ.

"ನಾನೂ ಕಣ್ಣು ಅವನಿಗೆ ಬಿಟ್ಟುಕೊಟ್ಟೆ ಮಗಳೇ," ಅಂದ ತಿಪ್ಪೋಜ. "ಬೇರೆಯವರ ಚಿತ್ರಕ್ಕೆ ಅವನು ಕಣ್ಣು ಬರೆದರೆ ಚಿತ್ರ ಬರೆದವರ ಕೈಯ ಕಸುಬೇ ಅವನ ಪಾಲಾಗುತ್ತದೆ. ಈ ಕಂಬ, ಈ ಗೋಪುರ, ಅವನ ಆ ಚಂದದ ಮುಖ, ಎಲ್ಲ ನಮ್ಮ ಗೆರೆಗಳೇ. ಈಗ ನನಗೆ ಒಂದು ಹುಲ್ಲುಕಡ್ಡಿ ಬರೆಯಲೂ ಬಾರದು."

ಬಿಟ್ಟು ಹೋದರೆ ವೀಳ್ಯ ಬಿಡದು, ಮುಗಿಸಿದರೆ ಗಾರುಡಿಗ ಬಿಡ. ಚನ್ನಾಜಿ ಹೆಬ್ಬಾಗಿಲ ಮುಂದೆ ಕೂತು ಯೋಚಿಸಿದಳು. ಬೆಳಗು ಹೋಗಿ ಬಿಸಿಲಾಯಿತು. ಅಂಗಳದ ನಡುವೆ ಒಂದು ಕೆಂದ ನಾಯಿ ಬಿದ್ದುಕೊಂಡು ನಿದ್ದೆ ಹೊಡೆಯುತ್ತಿತ್ತು. ಅಂಜನರಾಯ ಬಂದ, ಏಳು ಅಂದ, ಅದು ಏಳಲಿಲ್ಲ. ಮಂತ್ರ ಹಾಕಿದ, ಕಿವಿ ಮಾತ್ರ ಅಲ್ಲಾಡಿತು. ಕೊನೆಗೆ ಮೂರು ಲೋಕ ನಡುಗಿಸುವ ಆ ಗಾರುಡಿಗ ನಾಯಿಯನ್ನು ಬಳಸಿಕೊಂಡು ಹೋದ.

ಚನ್ನಾಜಿ ಎದ್ದು ಬಣ್ಣ ಕಲಸಿದಳು.

ಇಷ್ಟು ದಿನ ತಲೆಯೊಳಗೆ ಓಡಾಡಿದ ಮೃಗವನ್ನು ಅವಳು ಆವತ್ತು ಬರೆದಳು. ಅದಕ್ಕೆ ಹೆಸರಿರಲಿಲ್ಲ, ಯಾವ ಓಲೆಗರಿಯಲ್ಲೂ ಲಕ್ಷಣವಿರಲಿಲ್ಲ. ಕರಡಿಯ ಮೈ, ಕೊಕ್ಕರೆಯ ಕತ್ತು, ಬೆನ್ನ ಮೇಲೆ ಜೋಳದ ತೆನೆಯಂಥ ಮುಳ್ಳು. ಕಾಲು ಮಡಚಿ, ಕತ್ತು ಸುತ್ತಿ, ಗಲ್ಲವನ್ನು ಬಾಲದ ಮೇಲಿಟ್ಟು ಅದು ಗಾಢವಾಗಿ ಮಲಗಿತ್ತು. ಮುಚ್ಚಿದ ರೆಪ್ಪೆಯ ಒಂದೊಂದು ಕೂದಲನ್ನೂ ಅವಳು ಉಸಿರು ಹಿಡಿದು ಬರೆದಳು. ಮುಗಿಯುವ ಹೊತ್ತಿಗೆ ಚಿತ್ರ ಮೆಲ್ಲಗೆ ಗೊರಕೆ ಹೊಡೆಯತೊಡಗಿತು.

ಅಂಜನರಾಯ ಕುಂಚ ಹಿಡಿದುಕೊಂಡು ಸಡಗರದಿಂದ ಬಂದ. ನೋಡಿದ. ಮತ್ತೆ ನೋಡಿದ.

"ಇದರ ಕಣ್ಣೆಲ್ಲಿ?"

"ಕಣ್ಣು ಬರೆಯಬೇಡ ಅಂದಿರಲ್ಲ ಸ್ವಾಮಿ. ಬರೆದಿಲ್ಲ. ರೆಪ್ಪೆ ಬರೆದಿದ್ದೇನೆ."

"ಮತ್ತೆ ನಾನು ಎಲ್ಲಿ ಬರೆಯಲಿ?"

"ಎದ್ದ ಮೇಲೆ ಬರೆಯಿರಿ."

ಕಾಯುವುದು ಅವನಿಗೆ ಅಭ್ಯಾಸವಿರಲಿಲ್ಲ. ಏಳೆಂದು ಕೂಗಿದ, ಗೊರಕೆ. ಮಂತ್ರ ಹಾಕಿದ, ಗೊರಕೆ. ಮೂರನೆಯ ಸಲ ರೇಗಿ, ಒದ್ದೆ ಕುಂಚವನ್ನು ಮುಚ್ಚಿದ ರೆಪ್ಪೆಯ ಮೇಲೇ ಊರಿ ಕಣ್ಣು ಬರೆಯಲು ಹೊರಟ. ಮಲಗಿದವರ ಕಣ್ಣಿಗೆ ಕಡ್ಡಿ ಚುಚ್ಚಿದರೆ ಯಾರು ಸುಮ್ಮನಿರುತ್ತಾರೆ? ಮೃಗ ಎದ್ದಿತು. ಯಾರ ಕುಂಚವೂ ತೆರೆಸದ ಕಣ್ಣನ್ನು ತಾನೇ ತೆರೆಯಿತು. ತಾನೇ ತೆರೆದ ಕಣ್ಣಿಗೆ ಒಡೆಯರೆಲ್ಲಿಯವರು? ಅಂಜನರಾಯನನ್ನು ಮೇಲಿಂದ ಕೆಳಗೆ ನೋಡಿತು. ಅವನ ಕುಂಚ ಮೂಗಿಗೆ ತಾಗಿತ್ತೋ ಏನೋ, ಕೊಕ್ಕರೆಯ ಕತ್ತನ್ನು ಹಿಂದಕ್ಕೆಳೆದು ಒಂದು ಸೀನು ಸೀನಿತು.

ಅಂಥ ಸೀನನ್ನು ಮಂಜಿಷ್ಠ ರಾಜ್ಯ ಅದಕ್ಕೂ ಮೊದಲು ಕಂಡಿರಲಿಲ್ಲ. ಗೋಪುರ ಗೆರೆಗೆರೆಯಾಗಿ ಬಿಚ್ಚಿಕೊಂಡಿತು. ಕಂಬಗಳು ಎಳೆಎಳೆಯಾಗಿ ಹಾರಿದವು. ಸಂಜೆ ಗೂಡಿಗೆ ಮರಳುವ ಹಕ್ಕಿಗಳ ಹಾಗೆ ಗೆರೆಗಳೆಲ್ಲ ಹಿತ್ತಲಿಗೆ ಹೋಗಿ ಅವರವರ ಬೆರಳು ಸೇರಿದವು. ತಿಪ್ಪೋಜ ನೆಲದ ಮಣ್ಣಿನ ಮೇಲೆ ಒಂದು ಹುಲ್ಲುಕಡ್ಡಿ ಬರೆದ. ಅದು ಗಾಳಿಗೆ ಬಾಗಿತು. ಮುದುಕ ಮುಖ ಮುಚ್ಚಿಕೊಂಡು ಅತ್ತ.

ಬಯಲಾದ ಬೆಟ್ಟದ ಮೇಲೆ ಅಂಜನರಾಯನೆಂದು ಉಳಿದವನು ಬಡಕಲು ಮೈಯ ಒಬ್ಬ ಗಂಡಸು. ಚಿಕ್ಕಂದಿನಲ್ಲಿ ತಾನೊಂದು ಬೆಕ್ಕು ಬರೆದದ್ದಕ್ಕೆ ಊರೆಲ್ಲ ನಕ್ಕಿತ್ತು ಅಂದ. ಬರಿ ನೋಡೋಣ ಅಂದಳು ಚನ್ನಾಜಿ. ಬರೆದ. ಊರಿನ ತಪ್ಪೇನೂ ಇರಲಿಲ್ಲ. ಆದರೂ ತಿಪ್ಪೋಜ ಅವನ ಪಕ್ಕ ಕೂತು, ಬೆನ್ನಿನ ಗೆರೆಯಿಂದ ಶುರುಮಾಡು, ಮೀಸೆ ಆಮೇಲೆ ಅಂದ.

ಎಲ್ಲ ಸರಿ. ಆದರೆ ಸೀನಿಗೆ ಕರಿಬೆಟ್ಟದ ಹೆಬ್ಬಾಗಿಲೂ ಹಾರಿಹೋಗಿತ್ತು. ಮಾರನೆಯ ದಿನವೇ ಆಯುಧಪೂಜೆ. ಚನ್ನಾಜಿಯ ಲೆಕ್ಕಕ್ಕೆ ಎರಡೇ ಬಾಗಿಲು.

ಬೆಳಗಾಗುತ್ತಲೇ ಅವಳು ಕುಂಚ ಹಿಡಿದು ಚಿತ್ರಶಾಲೆಗೆ ನಡೆದಳು. ಕರೆಯದೆಯೇ ಮೃಗವೂ ಹಿಂದೆ ಹಿಂದೆ ಬಂದಿತು. ಬಮ್ಮೋಜ ಹೊಸಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡ. ಗಾರುಡಿಗನನ್ನು ಸೋಲಿಸಿದ್ದು ದೊಡ್ಡ ಮಾತು, ರಾಜ್ಯವೇ ಋಣಿ, ಆದರೆ ನಿಯಮದಲ್ಲಿ ಇರುವುದು ಮೂರು ಬಾಗಿಲು ಅಂದ. ಹೊಳೆಗೆ ಬಿಡುವ ಕುಂಚಗಳ ತಟ್ಟೆ ಚಾಚಿದ. ಚನ್ನಾಜಿ ಕುಂಚವನ್ನು ಒಮ್ಮೆ ಕೆನ್ನೆಗೊತ್ತಿಕೊಂಡಳು. ಅದರ ಕೂದಲು ಇನ್ನೂ ಒದ್ದೆಯಿತ್ತು.

ಅಷ್ಟರಲ್ಲಿ ಮೃಗ ಬಮ್ಮೋಜನನ್ನು ದಾಟಿ ಮುಂದೆ ಹೋಯಿತು. ಚಿತ್ರಶಾಲೆಯ ಹೊಸಿಲನ್ನು ಮೂಸಿತು. ಅಲ್ಲೇ ಗಿರಗಿರ ಸುತ್ತು ಹಾಕಿ, ಬಾಗಿಲ ಉದ್ದಗಲ ತುಂಬುವಂತೆ ಮಲಗಿ, ಗೊರಕೆ ಶುರುಮಾಡಿತು.

ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಪೂಜೆಯ ಕಡಲೆಪುರಿಯೆಲ್ಲ ಒಳಗೆ. ಬಾಲ ಬರೆಯುವವನು ಅದನ್ನು ದಾಟಲು ಹೋದ; ಅದು ಒಂದೇ ಕಣ್ಣು ತೆರೆದು ನೋಡಿತು; ಅವನು ಬಂದ ದಾರಿಯಲ್ಲೇ ಹಿಂದೆ ಸರಿದ.

"ಎಬ್ಬಿಸು," ಅಂದ ಬಮ್ಮೋಜ.

"ನನ್ನ ಮಾತು ಕೇಳುವುದಿಲ್ಲ ಸ್ವಾಮಿ. ಅದಕ್ಕೆ ಒಡೆಯರಿಲ್ಲ."

"ಒಡೆಯರಿಲ್ಲದಿದ್ದರೆ ಯಾತಕ್ಕೆ ಕಾಯುತ್ತಿದೆ?"

"ಅದಕ್ಕೆ ಮನಸ್ಸಾಗಿದೆ, ಕಾಯುತ್ತಿದೆ."

ಕಾಯುತ್ತಿದೆ ಅನ್ನುವ ಮಾತನ್ನು ನೀವೇ ಆಡಿದಿರಿ ಎಂದು ನೋಡಲು ನೆರೆದ ಗುಂಪಿನಿಂದ ದುರುಗವ್ವ ನೆನಪಿಸಿದಳು. ಬಮ್ಮೋಜ ಮೊಣಕಾಲೂರಿ ಮೃಗದ ರೆಪ್ಪೆಯ ಹತ್ತಿರ ಮುಖ ತಂದ. ಬಹಳ ಹೊತ್ತು ನೋಡಿದ. ನಿಯಮಕ್ಕಿಂತ ಮೊದಲು ಅವನೂ ಚಿತ್ರ ಬರೆಯುವವನೇ ಆಗಿದ್ದ. ಒಂದೊಂದೇ ಕೂದಲು, ಬುಡದಲ್ಲಿ ದಪ್ಪ, ತುದಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಅವನು ಎದ್ದು, ಚನ್ನಾಜಿಯ ಕೈಯಿಂದ ಕುಂಚ ತೆಗೆದುಕೊಂಡ. ತಟ್ಟೆಗೆ ಹಾಕಲಿಲ್ಲ. ತನ್ನ ಬೆರಳಿನಿಂದಲೇ ಅದಕ್ಕೆ ಕುಂಕುಮ ಹಚ್ಚಿ ವಾಪಸ್ಸು ಕೊಟ್ಟ.

ಆಮೇಲೆ ಚನ್ನಾಜಿ ಮಂಜಿಷ್ಠ ರಾಜ್ಯದ ಬಾಗಿಲು ಬಾಗಿಲಿಗೆ ಬರೆದಳು. ಕೆಲವು ತಿಂಗಳು ಮೈತುಂಬ ಕೆಲಸ, ಕೆಲವು ತಿಂಗಳು ಬರೀ ಬೀದಿ. ಕರೆದವರ ಮನೆಗೆ ಹೋದರೂ ಎಲ್ಲ ಕೇಳಿ ಮುಗಿಸುವ ತನಕ ವೀಳ್ಯಕ್ಕೆ ಕೈಯೊಡ್ಡುತ್ತಿರಲಿಲ್ಲ. ಅವ್ವ ನೆರೆಹೊರೆಯವರ ಹತ್ತಿರ, ನಾನು ಆವತ್ತೇ ಹೇಳಿದ್ದೆ ಅನ್ನುತ್ತಿದ್ದಳು. ಏನು ಹೇಳಿದ್ದೆ ಅಂತ ಯಾರೂ ಕೇಳಲಿಲ್ಲ. ತಿಪ್ಪೋಜನ ನವಿಲಿಗೆ ಮತ್ತೆ ಮೋಡ ಇಳಿಯಿತು. ಅಂಜನರಾಯನ ಬೆಕ್ಕು ಒಂದು ದೀಪಾವಳಿಯ ಹೊತ್ತಿಗೆ ಬೆಕ್ಕಿನಂತೆಯೇ ಕಂಡು, ಇಲಿಗಳು ಗುರುತು ಹಿಡಿದು ಓಡಿದವು. ಮನೆಮನೆಯ ಸಾರಿನಲ್ಲಿ ಹುಳಿ ಉಳಿಯಿತು.

ಮೃಗ ಮಾತ್ರ ಆ ಹೊಸಿಲು ಬಿಟ್ಟು ಏಳಲೇ ಇಲ್ಲ. ಚಿತ್ರಶಾಲೆಯವರು ಹಿಂದಿನ ಕಿಟಕಿಗೊಂದು ಏಣಿ ಹಾಕಿಕೊಂಡು ಹತ್ತಿ ಇಳಿದು ಓಡಾಡುತ್ತಾರೆ. ಮೊದಮೊದಲು ಗೊಣಗಿದರು. ಈಗ ರೂಢಿಯಾಗಿದೆ, ಸುಖವಾಗಿದ್ದಾರೆ.