ನಾ ಗುಡ್ಡ ಇಳಿಯೂದಿಲ್ಲ

"ಆ ಸ್ವಿಚ್ ಮುಟ್ಟಬ್ಯಾಡ್ರಿ!"

ಶಂಕರಲಿಂಗ ಬೆಚ್ಚಿ ಕೈ ಹಿಂದೆಳೆದುಕೊಂಡ. ಹುನಗುಂದದ ಗುಡ್ಡದ ಮೇಲೆ, ಆಂಟೆನಾ ಕಂಬದ ಬುಡದ ಚಿಕ್ಕ ಕೋಣೆಯ ಬಾಗಿಲಲ್ಲಿ ಒಬ್ಬಳು ಏದುಸಿರು ಬಿಡುತ್ತಾ ನಿಂತಿದ್ದಳು.

"ಯಾರ್ರೀ ನೀವು?"

"ಪ್ರಿಯದರ್ಶಿನಿ. ಈ ರಿಪೀಟರ್ ನೋಡ್ಕೊಳ್ಳಾಕಿ. ನೀವು?"

"ಬಾಗಲಕೋಟಿ ಆಫೀಸಿನ ಇಂಜಿನಿಯರ್. ಹಳೇ ಆಂಪ್ಲಿಫೈಯರ್ ಸುಟ್ಟೈತಲ್ಲ, ದೊಡ್ಡದು ತಂದೇನಿ."

"ಇದನ್ನೂ ಸುಡಾಕ ತಂದೀರೇನು?"

ಅವನಿಗೆ ಸಿಟ್ಟು ಬಂತು. ಅವಳು ಲೆಕ್ಕಿಸಲಿಲ್ಲ.

"ಆಂಪ್ಲಿಫೈಯರಿಗೂ ಆಂಟೆನಾಕ್ಕೂ ಹೊಂದಾಣಿಕಿ ಇಲ್ರಿ. ಕಳಿಸಿದ ಶಕ್ತಿ ತಿರುಗಿ ಬಂದು ಅದನ್ನ ಸುಡಾಕತ್ತೇತಿ. ದೊಡ್ಡದು ಹಾಕಿದ್ರ ತಿರುಗಿ ಬರೂದೂ ದೊಡ್ಡದ! ಮೊದ್ಲ ಕಡಿಮಿ ಪವರ್ ಇಟ್ಟು ಮೀಟರ್ ಹಚ್ಚಿ ನೋಡ್ರಿ."

ಅವನು ನೋಡಿದ. ಮೀಟರಿನ ಮುಳ್ಳು ಅವಳ ಮಾತನ್ನೇ ಹೇಳಿತು.

"ಖರೆ ಐತ್ರಿ," ಎಂದ ಮೆಲ್ಲಗೆ.

ಅವಳಿಗೆ ಅಚ್ಚರಿ. ಇಷ್ಟು ಬೇಗ ಒಪ್ಪಿಕೊಂಡ ಗಂಡಸನ್ನು ಅವಳು ನೋಡಿಯೇ ಇರಲಿಲ್ಲ!

ಇದು ಅವಳಿಗೆ ಬರೀ ನೌಕರಿಯಾಗಿರಲಿಲ್ಲ. ಇಳಕಲ್ಲದ ಸುತ್ತಿನ ಕಲ್ಲು ಕ್ವಾರಿಗಳಲ್ಲಿ ಫೋನ್ ಹತ್ತುವುದಿಲ್ಲ. ಇವರ ಸೇವಾ ಸಂಸ್ಥೆಯ ವಾಕಿಟಾಕಿಯಿಂದಲೇ ಆಂಬ್ಯುಲೆನ್ಸ್ ಕರೆಯಬೇಕು. ಆ ಕರೆಯನ್ನು ಹಿಡಿದು ದೂರಕ್ಕೆ ದಾಟಿಸುವುದು ಗುಡ್ಡದ ಮೇಲಿನ ರಿಪೀಟರ್. ಹೋದ ವರ್ಷ ಅವಳ ಅಣ್ಣ ಪ್ರಬುದ್ಧನ ಕಾಲಿನ ಮೇಲೆ ಕಲ್ಲು ಬಿದ್ದಾಗ, ಇದೇ ರಿಪೀಟರ್ ಕರೆಯನ್ನು ದಾಟಿಸಲಿಲ್ಲ. ಅಣ್ಣ ಉಳಿದ, ಕಾಲು ಉಳಿಯಲಿಲ್ಲ. ಆಮೇಲೆ ಅವಳು ಹಟ ಹಿಡಿದು ಈ ಕೆಲಸಕ್ಕೆ ಸೇರಿದ್ದಳು.

ಕೇಬಲ್ಲಿನ ಜೋಡಣೆಯೊಳಗೆ ಮಳೆನೀರು ಹೊಕ್ಕು ಹಸಿರು ಕಿಲುಬು ಕಟ್ಟಿದ್ದನ್ನು ಶಂಕರಲಿಂಗ ಕಂಡುಹಿಡಿದ. ಅದನ್ನು ಬದಲಿಸಿದ ಮೇಲೆ, ಅವಳು ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಹಿಡಿದು ಆಂಪ್ಲಿಫೈಯರಿನ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸತೊಡಗಿದಳು. ಅವನು ಮೀಟರ್ ನೋಡುತ್ತಾ ಹೇಳತೊಡಗಿದ.

"ತಿರುಗಿ ಬರೂದು ಕಡಿಮಿ ಆತು... ಇನ್ನೂ ಆತು... ನಿಲ್ರಿ! ಅಲ್ಲೇ ನಿಲ್ರಿ!"

ಮುಳ್ಳು ಸೊನ್ನೆಯ ಹತ್ತಿರ ಮಲಗಿತ್ತು. ಬ್ಯಾಟರಿಯಿಂದ ಮೊದಲಿನ ಅರ್ಧದಷ್ಟೇ ಕರೆಂಟು ಸಾಕಾಯಿತು. ಕ್ವಾರಿಯಲ್ಲಿ ವಾಕಿಟಾಕಿ ಹಿಡಿದಿದ್ದ ಕೂಲಿಯಾಕೆ ಗುಲಾಬಬಿಯ ದನಿ ಪಕ್ಕದಲ್ಲೇ ನಿಂತಂತೆ ಕೇಳಿತು.

"ಯವ್ವಾ, ಭಾಳ ಸ್ವಚ್ಛ ಕೇಳಾಕತ್ತೈತಿ!"

ಪ್ರಿಯದರ್ಶಿನಿಯ ಕಣ್ಣು ತುಂಬಿದವು. ಅವನು ನೋಡಿಯೂ ನೋಡದಂತೆ ಮೀಟರಿನತ್ತ ತಿರುಗಿದ. ಆ ಸೂಕ್ಷ್ಮತೆ ಅವಳಿಗೆ ತುಂಬಾ ಹಿಡಿಸಿತು...

ಆಮೇಲೆ ಕೆರೂರು, ಬಾದಾಮಿ... ಎಲ್ಲ ರಿಪೀಟರುಗಳನ್ನೂ ಇಬ್ಬರೂ ಸೇರಿ ಸರಿಪಡಿಸಲು ಹೊರಟರು. ಬುತ್ತಿಯ ರೊಟ್ಟಿ ಹಂಚಿಕೊಂಡರು, ಜಗಳಾಡಿದರು, ನಕ್ಕರು. ಮನಸ್ಸಿನ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

ಬಾದಾಮಿಯ ಗುಡ್ಡಕ್ಕೆ ಒಂದು ದಿನ ಸಂಸ್ಥೆಯ ಅಧ್ಯಕ್ಷ ರಾಚಪ್ಪ ಬಂದರು. ಶಂಕರಲಿಂಗನ ತಂದೆ. ಅವಳು ನೀರು ಕೊಟ್ಟಳು.

"ಯಾರ ಪೈಕಿವಾ ನೀ?"

"ದುರಗಪ್ಪನ ಮಗಳ್ರಿ. ಇಳಕಲ್ಲದ ಅಂಬೇಡ್ಕರ್ ನಗರದಾಕಿ."

ಅವರು ಲೋಟವನ್ನು ಹಾಗೇ ಕೆಳಗಿಟ್ಟರು. "ಶಂಕರಾ, ಇಲ್ಲಿ ನೀ ಒಬ್ಬನ ಸಾಕು. ಈಕಿನ್ನ ಕೆಳಗ ಕಳಸು."

"ನಾ ಗುಡ್ಡ ಇಳಿಯೂದಿಲ್ರಿ," ಎಂದಳು ಪ್ರಿಯದರ್ಶಿನಿ. "ಕೆಲಸ ಅರ್ಧ ಆಗೇತಿ. ಮುಗಿಸೇ ಇಳಿತೇನಿ."

ಅವಳು ಶಂಕರಲಿಂಗನತ್ತ ನೋಡಿದಳು. 'ಒಂದು ಮಾತು... ಒಂದೇ ಮಾತು ಆಡು!'

ಅವನು ತಂದೆಯ ತೋಳು ಹಿಡಿದು, ತುಟಿ ಬಿಚ್ಚದೆ ಇಳಿದುಹೋದ.

ಅವಳು ಅಳಲಿಲ್ಲ. ಮೀಟರ್ ನೋಡುವುದು, ತಿರುಪು ತಿರುಗಿಸುವುದು, ಎರಡನ್ನೂ ಒಬ್ಬಳೇ ಮಾಡಿದಳು. 'ಅವನೂ ಅಷ್ಟೇ...' ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡಳು. ಅವನು ವಾರವಿಡೀ ಬರಲಿಲ್ಲ.

ಬಂದದ್ದು ಒಂದು ಸಂಜೆ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು.

"ಈಗ ಯಾಕ ಬಂದ್ರಿ?"

"ಅವತ್ತ ಬಾಯಿ ತೆಗದ್ರ ಅಪ್ಪ ನಿಮಗ ಇನ್ನೂ ಏನಾದ್ರೂ ಅಂತಾರಂತ ಕರಕೊಂಡು ಹೋದೆ. ನಿಮ್ಮನ್ನ ಕೆಲಸದಿಂದ ತೆಗದ್ರ ನಾನೂ ಬಿಡ್ತೇನಿ ಅಂತ ಸಂಸ್ಥೆಯ ಸಭಾದಾಗ ಹೇಳಿದೆ. ಸಭಾ ಒಪ್ಪೇತಿ, ನೀವು ಇಲ್ಲೇ ಇರ್ತೀರಿ." ಅವನು ಉಸಿರೆಳೆದುಕೊಂಡ. "ಮನ್ಯಾಗ... ನಿಮ್ಮನ್ನ ಮದ್ವಿ ಆಗ್ತೇನಿ ಅಂದೆ. ಹೊರಗ ನಡಿ ಅಂದ್ರು. ಬಂದೇನಿ."

ಅವಳ ಎದೆ ಜೋರಾಗಿ ಬಡಿದುಕೊಂಡಿತು. ಆದರೂ ದನಿ ಬಾಗಲಿಲ್ಲ.

"ನನ್ನ ಮದ್ವಿ ಮಾತು ನನ್ನನ್ನ ಬಿಟ್ಟು ಎಲ್ಲಾರಿಗೂ ಹೇಳಿದ್ರೇನು? ಅವತ್ತ ನನ್ನ ಮುಂದ ಮಾತಾಡಬೇಕಿತ್ರಿ! ಬೆನ್ನ ಹಿಂದ ನನ್ನ ಕಾಯಾವ್ರು ಬ್ಯಾಡ. ಪಕ್ಕದಾಗ ನಿಲ್ಲಾವ್ರು ಬೇಕು."

ಅವನು ತಲೆ ತಗ್ಗಿಸಿದ. "ತಪ್ಪಾತು. ಅವತ್ತ ಅಂಜಿದ್ದೂ ಖರೆ." ನಂತರ ನೇರವಾಗಿ ಅವಳ ಕಣ್ಣು ನೋಡಿದ. "ಈಗ ಕೇಳ್ತೇನಿ. ನನ್ನ ಮದ್ವಿ ಆಗ್ತೀರೇನು?"

"ನಾಳೆ ಹಾಡಹಗಲೇ ನಮ್ಮ ಓಣಿಗೆ ಬರ್ರಿ. ನಮ್ಮಪ್ಪನ ಮುಂದ ಕುಂತು ಕೇಳ್ರಿ. ಊರೆಲ್ಲಾ ನೋಡ್ಲಿ!"

"ಬರ್ತೇನಿ. ಅವರು ಒಲ್ಲೆ ಅಂದ್ರ?"

"ನಮ್ಮಪ್ಪನ್ನ ನಾ ಒಪ್ಪಿಸ್ತೇನಿ."

"ಅಂದ್ರ... ನೀವು ಒಪ್ಪಿದ್ರಿ?"

"ಇಷ್ಟೊತ್ತು ಏನ್ ಹೇಳಿದೆ ನಿನಗ?"

'ನಿನಗ!' ಅವನ ಮುಖ ಅರಳಿತು. ನಗಲು ಹೋದವನ ತುಟಿ ನಡುಗಿತು.

"ಅಂಜಿಕಿ ಬರಾಕತ್ತೇತೇನು?" ಕೇಳಿದಳು.

"ಹೂಂ... ನಿನಗ?"

"ನನಗೂ," ಎಂದಳು ಪ್ರಿಯದರ್ಶಿನಿ, ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾ.