ಪೈಕ್ ಹಾಲೋದ ಎರಡನೇ ಯಂತ್ರ

ಪೈಕ್ ಹಾಲೋ ವಿದ್ಯುದಾಗಾರದ ಎರಡನೇ ಯಂತ್ರ ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತಿತು. ಬೇರಿಂಗಿಗೆ ಹೋಗುವ ಎಣ್ಣೆ ಕೊಳವೆಯ ನಟ್ಟನ್ನು ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿದ್ದರು. ಕಣಿವೆಯ ಮೂರು ಊರುಗಳಲ್ಲಿ ಕರೆಂಟು ಹೋಯಿತು.

ಆಗ ಆವರಣದಲ್ಲಿದ್ದವರು ಮೂವರೇ— ಮೇಲೆ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಡಾರ್ಲೀನ್ ಪ್ರುಯಿಟ್, ಮೇಲ್ವಿಚಾರಕ ಮಿಲ್ಟನ್ ಸೋರೆನ್ಸನ್, ವಿದ್ಯುತ್ ಕಂಪನಿಯ ಹೆಡ್ಡಾಫೀಸಿನ ವಕೀಲ ಕ್ಯಾಲೋವೇ. ರಾಜ್ಯ ವಿದ್ಯುತ್ ಆಯೋಗದ ತನಿಖಾಧಿಕಾರಿ ನವೋಮಿ ತಕಾಡಾ ಮತ್ತು ಅವರ ಹಿಂದೆ ಬ್ಯಾಗು ಹೊರುವ ಇಂಜಿನಿಯರ್ ಬೆಡ್ರೋಸ್, ಅಂದರೆ ನಾನು, ತಲುಪುವ ಹೊತ್ತಿಗೆ ಪೊಲೀಸಿನವನು ಡಾರ್ಲೀನಳನ್ನು ಕರೆದೊಯ್ಯಲು ಸಿದ್ಧನಾಗಿದ್ದ.

"ಕೆಲ್ಸ ಕೆಡಿಸಿದ್ದು ಇವಳೇ," ಎಂದ ಕ್ಯಾಲೋವೇ. "ಕಂಪನಿ ಮೇಲೆ ಮೊದ್ಲಿಂದ ಸಿಟ್ಟು."

ನನಗೆ ಮೈಯೆಲ್ಲ ಉರಿಯಿತು. ರಾಜ್ಯವು ವಿದ್ಯುತ್ ಮಾರುಕಟ್ಟೆಯನ್ನು ಮುಕ್ತಗೊಳಿಸಿದ ಮೇಲೆ ಕೊಳ್ಳುವ ಕರೆಂಟಿನ ಬೆಲೆ ಗಗನಕ್ಕೇರಿ ಕಂಪನಿ ದಿವಾಳಿಯೆದ್ದಿತ್ತು. ಈಗ ಅಣೆಕಟ್ಟು, ವಿದ್ಯುದಾಗಾರಗಳನ್ನೆಲ್ಲ ತನ್ನದೇ ಹೊಸ ಕಂಪನಿಯ ಹೆಸರಿಗೆ ಮಾಡಿ, ರಾಜ್ಯದ ಹಿಡಿತದಿಂದ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಮಡಿಲಿಗೆ ಜಾರಿಕೊಳ್ಳುವ ಹುನ್ನಾರ ಅದರದ್ದು. ರಾಜ್ಯದ ಜಿಪುಣತನದಿಂದ ಯಂತ್ರಗಳು ಕೆಟ್ಟು ಕೂತಿವೆ ಎಂಬುದು ಅದರ ವಾದ. ಹಾಗಿಲ್ಲ, ಎಲ್ಲ ಗಟ್ಟಿಮುಟ್ಟಾಗಿವೆ ಎಂದು ನಾಳೆ ಸ್ಯಾನ್ ಫ್ರಾನ್ಸಿಸ್ಕೋದ ದಿವಾಳಿ ನ್ಯಾಯಾಲಯದಲ್ಲಿ ಹೇಳಬೇಕಿದ್ದ ಸಾಕ್ಷಿ ಡಾರ್ಲೀನ್. ಕೈಗೆ ಕೋಳ ಬಿದ್ದವಳ ಮಾತನ್ನು ಯಾವ ನ್ಯಾಯಾಧೀಶ ಕೇಳುತ್ತಾನೆ?

ನವೋಮಿ ಪೊಲೀಸಿನವನಿಗೆ ತಡೆಯಲು ಹೇಳಿ ಯಂತ್ರದ ಬಳಿ ಇಳಿದರು. ಕೊಳವೆಯ ಕೆಳಗಷ್ಟೇ ಎಣ್ಣೆ ನಿಂತಿತ್ತು. ಅವರು ಗೋಡೆ ಸವರಿ ನೋಡಿದರು. ಒಣಗಿತ್ತು.

"ಯಂತ್ರ ನಿಂತಾಗ ಏನ್ ಮಾಡಿದ್ರಿ, ಡಾರ್ಲೀನ್?"

"ಮತ್ತೆ ಚಾಲೂ ಮಾಡೋಕೆ ಗುಂಡಿ ಒತ್ತಿದೆ. ಎರಡು ಸಲ. ವಿದ್ಯುತ್ ಜಾಲ ಕೇಂದ್ರದವ್ರು ಫೋನಲ್ಲೇ ಇದ್ರು, ಒತ್ತು ಒತ್ತು ಅಂತಿದ್ರು. ಎಣ್ಣೆ ಪಂಪು ಉಸಿರೇ ಎತ್ತಲಿಲ್ಲ."

ನಾನು ಜಾಲ ಕೇಂದ್ರಕ್ಕೆ ಫೋನು ಮಾಡಿದೆ. ಅಲ್ಲಿಯವನು ಅದನ್ನೇ ಹೇಳಿದ.

"ನೀವೆಲ್ಲಿದ್ರಿ, ಕ್ಯಾಲೋವೇ ಅವ್ರೇ?"

"ಹೊರಗೆ, ಕಾರಲ್ಲಿ. ಎಸಿ ಹಾಕ್ಕೊಂಡು."

"ನೀವು, ಸೋರೆನ್ಸನ್?"

"ಅಣೆಕಟ್ಟಿನ ಮೇಲೆ. ಇಲ್ಲಿಗೆ ಕಾಲೇ ಇಟ್ಟಿಲ್ಲ."

ನವೋಮಿ ಗೋಡೆಯ ಹಲಗೆಯತ್ತ ತಿರುಗಿದರು. ಅಲ್ಲಿ ಕೆಲಸಗಾರರ ಬೀಗಗಳು ಹೆಸರಿನ ಸಮೇತ ಸಾಲಾಗಿ ತೂಗುತ್ತಿದ್ದವು. ಯಂತ್ರಕ್ಕೆ ಕೈ ಹಾಕುವ ಮೊದಲು ಸ್ವಿಚ್ಚಿಗೆ ತನ್ನ ಸ್ವಂತ ಬೀಗ ಜಡಿಯುವುದು ಇಲ್ಲಿಯವರ ಕ್ರಮ. ಒಳಗೆ ಕೈಯಿರುವಾಗ ಮೇಲಿನವರು ಗುಂಡಿ ಒತ್ತಿಬಿಟ್ಟರೆ ಬೆರಳು ಉಳಿಯುವುದಿಲ್ಲ. ಒಂದು ಬೀಗಕ್ಕೆ ಒಂದೇ ಕೀಲಿ. ಅದು ಅವರವರ ಸೊಂಟ ಬಿಟ್ಟು ಇಳಿಯುವುದಿಲ್ಲ.

ಅವರು ಟಿಶ್ಯೂ ಪೇಪರನ್ನು ಬತ್ತಿಯಂತೆ ಹೊಸೆದು ಒಂದೊಂದೇ ಬೀಗದ ಕಿಂಡಿಗೆ ತೂರಿಸಿದರು. ಧೂಳು. ಧೂಳು. ಮತ್ತೆ ಧೂಳು. ಕೊನೆಯದರಲ್ಲಿ ಬತ್ತಿ ಎಣ್ಣೆ ಹೀರಿ ಹಳದಿಯಾಗಿ ಬಂತು.

"ಯಂತ್ರ ಓಡ್ತಿರೋವಾಗ ಬಿಚ್ಚಿದ್ರೆ ಎಣ್ಣೆ ಈ ಗೋಡೆಗೆಲ್ಲ ಚಿಮ್ಮಿರ್ತಿತ್ತು," ಎಂದರು ನವೋಮಿ. "ಗೋಡೆ ಒಣಗಿದೆ. ಅಂದ್ರೆ ಮೊದ್ಲು ಯಂತ್ರ ನಿಲ್ಸಿದಾರೆ, ಆಮೇಲೆ ನಟ್ಟು ಬಿಚ್ಚಿದಾರೆ. ಡಾರ್ಲೀನ್ ಗುಂಡಿ ಒತ್ತಿದ್ರೂ ಪಂಪು ಏಳಲಿಲ್ಲ. ಯಾಕೆ? ಕೆಳಗೆ ಪಂಪಿನ ಸ್ವಿಚ್ಚಿಗೆ ಬೀಗ ಬಿದ್ದಿತ್ತು. ಅವ್ಳು ಮೇಲೆ ಫೋನಲ್ಲಿದ್ಲು, ಆ ಬೀಗ ಅವಳದಲ್ಲ. ಕ್ಯಾಲೋವೇ ಅವ್ರಿಗೆ ಬೀಗಾನೇ ಇಲ್ಲ. ಎಣ್ಣೆ ಕೈಯಲ್ಲೇ ಬೀಗ ತೆಗೆದವನು ಹೊರಗಡೆ ಒರೆಸಿದ, ಕಿಂಡಿ ಒರೆಸೋಕಾಗಲಿಲ್ಲ. ಈ ಬೀಗದ ಮೇಲಿರೋ ಹೆಸರು ನಿಮ್ದು. ಕೇಡು ಮಾಡೋಕೆ ಬಂದಾಗ್ಲೂ ಕೈ ಉಳಿಸ್ಕೊಳ್ಳೋ ಅಭ್ಯಾಸ ಬಿಡಲಿಲ್ಲ ನಿಮಗೆ, ಸೋರೆನ್ಸನ್."

ಸೋರೆನ್ಸನ್ ಮುಖ ಬಿಳಿಚಿಕೊಂಡಿತು. "ಹೊಸ ಕಂಪನೀಲಿ ಮುಖ್ಯಸ್ಥನ್ನ ಮಾಡ್ತೀವಿ ಅಂದ್ರು ಇವ್ರು."

"ಬಾಯಿ ಮುಚ್ಚು, ಮಿಲ್ಟ್," ಎಂದ ಕ್ಯಾಲೋವೇ. ಪೊಲೀಸಿನವನು ಈಗ ಅವನ ಪಕ್ಕಕ್ಕೆ ಬಂದು ನಿಂತ.

"ನನ್ನನ್ನ ಜೈಲಿಗೆ ಕಳಿಸ್ತಿದ್ಯಾ?" ಡಾರ್ಲೀನ್ ಸೋರೆನ್ಸನ್‌ನನ್ನು ಕೇಳಿದಳು. "ಹದಿನಾರು ವರ್ಷ ಒಟ್ಟಿಗೆ ಊಟ ಮಾಡಿದ್ವಲ್ಲೋ."

"ಕೇಸು ನಿಲ್ಲಲ್ಲ, ನಾಳೆ ಒಂದಿನ ನೀನು ಕೋರ್ಟಿಗೆ ಬರ್ದಿದ್ರೆ ಸಾಕು ಅಂದ್ರು."

ಅವಳು ಅತ್ತಳು. ಆಮೇಲೆ ತೋಳಿನಿಂದಲೇ ಮುಖ ಒರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡಳು.

"ನಡೀರಿ ಡಾರ್ಲೀನ್, ಊಟ ಮಾಡಿ," ಎಂದೆ ನಾನು. "ನಾಳೆ ಬೆಳಿಗ್ಗೆ ಕೋರ್ಟಿದೆ."

"ಊಟ ಆಮೇಲೆ. ಯಂತ್ರ ಚೆನ್ನಾಗಿದೆ ಅಂತ ಜಡ್ಜ್ ಮುಂದೆ ಪ್ರಮಾಣ ಮಾಡ್ಬೇಕು ನಾನು," ಎಂದಳು. "ಇದನ್ನ ಓಡಿಸ್ದೆ ಹೆಂಗ್ ಹೋಗ್ಲಿ?"