ಹೊಂಬೊಳಲಿನ ಬರಿದಾದ ಓಲೆಗಳು

ತಾಳೆಯೋಲೆಯ ಮೇಲೆ ವಿದ್ಯೆಯನ್ನೆಲ್ಲ ಬರೆದಿಡುತ್ತಿದ್ದ ಕಾಲದಲ್ಲಿ, ಬೆಟ್ಟಗಳ ನಡುವೆ ಹೊಂಬೊಳಲೆಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಚಿನ್ನದ ಗಣಿ ಇರಲಿಲ್ಲ, ಮುತ್ತಿನ ಕಡಲೂ ಇರಲಿಲ್ಲ. ಇದ್ದದ್ದು ಒಂದು ಓಲೆಭಂಡಾರ. ಕಲ್ಲಿನ ಆ ಮನೆಯಲ್ಲಿ ಓಲೆಯ ಕಟ್ಟುಗಳನ್ನು ಮಾಡಿನವರೆಗೆ ಪೇರಿಸಿದ್ದರು. ಬಾವಿ ಎಲ್ಲಿ ತೋಡಬೇಕು, ಜ್ವರಕ್ಕೆ ಯಾವ ಬೇರು ಅರೆಯಬೇಕು, ಗ್ರಹಣ ಎಂದು ಹಿಡಿಯುತ್ತದೆ, ಎಲ್ಲವೂ ಅಲ್ಲಿತ್ತು.

ವರ್ಷಕ್ಕೊಮ್ಮೆ ಅರಸನ ಡಂಗುರದವನು ಊರೂರಿಗೆ ಹೋಗಿ ಸಾರುತ್ತಿದ್ದ.

“ಓಲೆಭಂಡಾರದಲ್ಲಿ ಓದುಗರಿಗೆ ಸ್ಥಾನ ತೆರವಾಗಿದೆ. ಹಳೆಯ ಗ್ರಂಥಗಳನ್ನು ಓದಬಲ್ಲವರು ಬರಬಹುದು. ಒಂದು ವರ್ಷದ ಊಟ, ವಸತಿ, ದೀಪದೆಣ್ಣೆ ಅರಸರದು. ಅಲ್ಲಿ ಕುಲ ಕೇಳುವುದಿಲ್ಲ, ಓದು ಕೇಳುತ್ತಾರೆ.”

ಓದಿದ ಮಕ್ಕಳು ಆ ಡಂಗುರಕ್ಕಾಗಿ ಕಿವಿ ತೆರೆದು ಕಾಯುತ್ತಿದ್ದರು. ಹೋದವರು ವರ್ಷ ತುಂಬಿದ ಮೇಲೆ ಹಿಂದಿರುಗಿ, ಕಲಿತದ್ದನ್ನು ತಮ್ಮ ಊರಿಗೆ ಹೇಳುತ್ತಿದ್ದರು.

ಹೀಗಿರುವಾಗ ಬೆಟ್ಟದಾಚೆಯಿಂದ ಧೂಮಕೀರ್ತಿ ಎಂಬವನು ಬಂದು ಅರಸನನ್ನು ಒಲಿಸಿ, ಭಂಡಾರಕ್ಕೆ ಒಡೆಯನಾದ. ಅವನು ಮಾಂತ್ರಿಕನೆಂದು ಯಾರಿಗೂ ತಿಳಿಯಲಿಲ್ಲ. ಅವನ ನಾಡಿನಲ್ಲಿ ತಾಳೆಯ ಮರವಿಲ್ಲ. ಅಲ್ಲಿಯವರು ಬರೆಯುವುದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬಿಳಿಯ ಅಕ್ಷರ ಬರೆಯುತ್ತಾರೆ. ಬೇಡವಾದಾಗ ಒರೆಸುತ್ತಾರೆ. ಸವೆದಾಗ ಮತ್ತೆ ಕಪ್ಪು ಬಳಿಯುತ್ತಾರೆ. ಧೂಮಕೀರ್ತಿಯ ಕಡತದಲ್ಲಿ ಬರೆದದ್ದೆಲ್ಲ ನಿಜವಾಗುತ್ತಿತ್ತು. ದಿನವೂ ಬೆಳಗಾದರೆ ಅವನು ತನ್ನ ಮುಪ್ಪನ್ನು ಅದರಲ್ಲಿ ಒರೆಸಿ, ಅಲ್ಲಿ ಯೌವನವೆಂದು ಬರೆದುಕೊಳ್ಳುತ್ತಿದ್ದ.

ಹಳೆಯ ಲಿಪಿ ಅವನಿಗೆ ಬಾರದು. ಆದ್ದರಿಂದ ಓದುಗರನ್ನು ಕರೆಸಿ ಗ್ರಂಥವನ್ನು ಓದಿಸಿ ಕೇಳುತ್ತಿದ್ದ. ಓದು ಮುಗಿದೊಡನೆ ಆ ಓಲೆಗಳನ್ನು ಮಂತ್ರಿಸಿದ ಹಾಲಿನಲ್ಲಿ ತೊಳೆಯುತ್ತಿದ್ದ. ಕಪ್ಪು ಅಕ್ಷರ ಕರಗಿ ಓಲೆ ಬರಿದಾಗುತ್ತಿತ್ತು. ವಿದ್ಯೆ ಲೋಕವನ್ನು ಬಿಟ್ಟು ಅವನೊಬ್ಬನ ನಾಲಗೆಗೆ ಸೇರುತ್ತಿತ್ತು. ತೊಳೆದ ಮಸಿ ಒಂದು ಕರಿಚಿರತೆಯಾಗಿ ಅವನ ಕಾಲಬಳಿ ಮಲಗುತ್ತಿತ್ತು. ಪ್ರತಿ ಗ್ರಂಥಕ್ಕೂ ಅದು ದಪ್ಪವಾಯಿತು. ಊರುಗಳಲ್ಲಿ ಬಾವಿ ತೋಡುವವರು ಸಲಿಕೆ ಹಿಡಿದು ದಾರಿ ತಿಳಿಯದೆ ನಿಂತರು. ವೈದ್ಯರು ಬೇರುಗಳನ್ನು ಕೈಯಲ್ಲಿ ಹಿಡಿದು ಹೆಸರು ಮರೆತರು.

ಹೋದ ಓದುಗರಲ್ಲಿ ಒಬ್ಬರೂ ಹಿಂದಿರುಗಲಿಲ್ಲ.

ಬಿಲ್ಲಗೆರೆಯೆಂಬ ಊರಿನಲ್ಲಿ ಬಾಚಲೆ ಎಂಬ ಲಿಪಿಕಾರ್ತಿ ಇದ್ದಳು. ಓಲೆಯ ಪ್ರತಿ ಮಾಡುವುದು ಅವಳ ವೃತ್ತಿ. ತಂದೆ ಅವಳನ್ನೂ ಅವಳ ತಮ್ಮ ಕೇತಯ್ಯನನ್ನೂ ಒಂದೇ ಮಣೆಯಲ್ಲಿ ಕೂರಿಸಿ ಓದು ಕಲಿಸಿ, ಕಾಲವಾಗಿದ್ದರು. ಕೇತಯ್ಯ ಹಿಂದಿನ ವರ್ಷ ಡಂಗುರ ಕೇಳಿ ಭಂಡಾರಕ್ಕೆ ಹೋಗಿದ್ದ. ವರ್ಷ ತುಂಬಿತು. ಅವನು ಬರಲಿಲ್ಲ. ಡಂಗುರ ಮಾತ್ರ ಮತ್ತೆ ಬಂತು.

ಬಾಚಲೆ ಡಂಗುರದವನನ್ನು ತಡೆದಳು. “ಅಣ್ಣಾ, ತೆರವಾದ ಸ್ಥಾನವನ್ನು ಸಾರುತ್ತೀಯೆ. ಅದು ಹೇಗೆ ತೆರವಾಯಿತೆಂದು ಸಾರುವುದಿಲ್ಲವೇಕೆ?”

“ಕೊಟ್ಟದ್ದನ್ನು ಸಾರುತ್ತೇನೆ ತಾಯಿ. ಕೊಡದ್ದನ್ನು ಸಾರಿದರೆ ನಾಳೆ ಡೋಲಿನ ಬದಲು ನನ್ನ ಬೆನ್ನು ಬಾರಿಸುತ್ತಾರೆ.”

“ಹಾಗಾದರೆ ಆ ಸ್ಥಾನಕ್ಕೆ ನಾನೇ ಬರುತ್ತೇನೆಂದು ಹೇಳು.”

ಭಂಡಾರದ ಬಾಗಿಲಲ್ಲಿ ದೀಪದ ಊಳಿಗದ ಮಾಚವ್ವ ಕುಳಿತಿದ್ದಳು. ದೀಪದ ಗೂಡುಗಳ ಮಸಿಯನ್ನು ಬಟ್ಟೆಯಿಂದ ಒರೆಸಿ ಒರೆಸಿ ಅವಳ ಸೆರಗು ಸದಾ ಕಪ್ಪು.

“ಇನ್ನೊಬ್ಬಳು ಬಂದಳು,” ಎಂದಳು ಮಾಚವ್ವ. “ಮನೆಯಲ್ಲಿ ಹಿಟ್ಟಿಲ್ಲವೇನೆ ನಿನಗೆ?”

“ಹಿಟ್ಟಿದೆ ಅವ್ವ. ತಮ್ಮನಿಲ್ಲ.”

ಮಾಚವ್ವನ ಕೈ ನಿಂತಿತು. “ಒಳಗೆ ಹೋದವರನ್ನು ನೋಡಿದ್ದೇನೆ. ಹೊರಗೆ ಬಂದವರನ್ನು ನೋಡಿಲ್ಲ. ಇಷ್ಟೇ ನಾನು ಹೇಳಬಲ್ಲದ್ದು.”

ಸೇರುವವರು ತಮ್ಮ ಹೆಸರನ್ನೂ ಊರನ್ನೂ ಒಂದು ಓಲೆಯಲ್ಲಿ ಕೊರೆದು ಕೊಡಬೇಕೆಂಬುದು ಭಂಡಾರದ ಹಳೆಯ ಪದ್ಧತಿ. ಬಾಚಲೆ ಜಗಲಿಯಲ್ಲಿ ಕುಳಿತು, ಕಂಟವೆಂಬ ಉಕ್ಕಿನ ಮೊನೆಯಿಂದ ತನ್ನ ಹೆಸರು ಕೊರೆದು, ಮಸಿ ತಿಕ್ಕಿ, ಬಟ್ಟೆಯಿಂದ ಒರೆಸಿದಳು. ಗೀರಿನೊಳಗಿನ ಮಸಿ ಉಳಿಯಿತು, ಅಕ್ಷರ ಎದ್ದು ಕಂಡಿತು. ಧೂಮಕೀರ್ತಿ ಜಗಲಿಗೆ ಎಂದೂ ಬಂದವನಲ್ಲ. ಬರೆಯುವ ಕೆಲಸ ಊಳಿಗದವರದೆಂದು ಬಗೆದಿದ್ದ. ಮುಗಿದ ಓಲೆ ಮಾತ್ರ ಅವನ ಕೈ ಸೇರುತ್ತಿತ್ತು.

ಒಳಗಿನ ಚಾವಡಿಯಲ್ಲಿ ಅವನು ಬಾಚಲೆಯ ಓಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಕರಿಚಿರತೆ ಕಣ್ಣು ತೆರೆಯಿತು.

“ಕುಳಿತುಕೋ ಮಗಳೇ. ಯಾವ ಗ್ರಂಥದಿಂದ ಓದು ಆರಂಭಿಸುತ್ತೀಯೆ?”

“ನನ್ನ ತಮ್ಮ ಕೇತಯ್ಯನನ್ನು ಕಂಡ ಮೇಲೆ ಓದುತ್ತೇನೆ, ಭಂಡಾರಿಗಳೇ. ಅದಕ್ಕೆ ಮುಂಚೆ ಒಂದು ಸಾಲನ್ನೂ ಓದುವುದಿಲ್ಲ.”

ಒಲ್ಲದ ಬಾಯಿಂದ ಓದಿಸಿದ ವಿದ್ಯೆ ಧೂಮಕೀರ್ತಿಗೆ ದಕ್ಕುತ್ತಿರಲಿಲ್ಲ. ಆದ್ದರಿಂದ ಅವನು ಸಿಟ್ಟನ್ನು ನುಂಗಿ ನಕ್ಕ. “ಮೂರು ಪರೀಕ್ಷೆ ಕೊಡುತ್ತೇನೆ. ಮೂರರಲ್ಲೂ ಗೆದ್ದರೆ ತಮ್ಮನನ್ನು ಕರೆದುಕೊಂಡು ಹೋಗು. ಒಂದರಲ್ಲಿ ಸೋತರೂ ಉಳಿದ ಗ್ರಂಥಗಳನ್ನೆಲ್ಲ ಮನಸಾರೆ ಓದಬೇಕು. ಓದು ಮುಗಿದ ದಿನ ನಿನ್ನ ಈ ಓಲೆಯನ್ನು ತೊಳೆಯುತ್ತೇನೆ. ಓಲೆ ತೊಳೆದರೆ ಆಳೂ ಇಲ್ಲ. ಒಪ್ಪಿಗೆಯೇ?”

ತಮ್ಮನಿಗೆ ಏನಾಯಿತೆಂದು ಬಾಚಲೆಗೆ ಆಗ ತಿಳಿಯಿತು. “ಒಪ್ಪಿಗೆ,” ಎಂದಳು.

ಮೊದಲನೆಯ ದಿನ ಧೂಮಕೀರ್ತಿ ಒಂದು ಹಳೆಯ ಕಟ್ಟಿನ ದಾರವನ್ನು ಕಿತ್ತು, ಓಲೆಗಳನ್ನು ನೆಲದ ಮೇಲೆ ಚೆಲ್ಲಿದ. ಅದು ಜೀವಂತರಾರೂ ಅರಿಯದ ಲಿಪಿ. ಎಣಿಕೆಯ ಗುರುತುಗಳೂ ಅದೇ ಲಿಪಿಯಲ್ಲಿದ್ದವು.

“ಕಿಟಕಿಯ ಬಿಸಿಲು ಆ ಕಂಬವನ್ನು ಮುಟ್ಟುವುದರೊಳಗೆ ಓಲೆಗಳನ್ನು ಕ್ರಮಕ್ಕೆ ತಾ.”

ಬಾಚಲೆ ಒಂದೊಂದು ಓಲೆಯನ್ನೂ ಎತ್ತಿ ನೋಡಿದಳು. ಓದಲು ಆಗಲಿಲ್ಲ. ಬಿಸಿಲು ನೆಲದ ಮೇಲೆ ತೆವಳಿ ಬರುತ್ತಿತ್ತು. ಅವಳ ಬೆರಳು ಒಂದು ತೂತಿಗೆ ತಾಗಿತು. ಅದು ದಾರದ ತೂತಲ್ಲ, ಹುಳು ಕೊರೆದ ತೂತು. ಹುಳು ಅಕ್ಷರ ಓದುವುದಿಲ್ಲ, ಕಟ್ಟಿನ ಮೊದಲ ಮರದ ಹಲಗೆಯಿಂದ ಕೊನೆಯ ಹಲಗೆಯವರೆಗೆ ನೇರವಾಗಿ ತಿಂದುಕೊಂಡು ಹೋಗುತ್ತದೆ. ಹೊಕ್ಕಲ್ಲಿ ತೂತು ಸಣ್ಣದು. ಹುಳು ಬೆಳೆದಂತೆ ತೂತೂ ಬೆಳೆಯುತ್ತದೆ. ಬಾಚಲೆ ಅಕ್ಷರಗಳನ್ನು ಬಿಟ್ಟು ತೂತುಗಳನ್ನು ಓದಿದಳು. ಅತಿ ಸಣ್ಣದರಿಂದ ಅತಿ ದೊಡ್ಡದರವರೆಗೆ ಓಲೆಗಳನ್ನು ಪೇರಿಸಿ, ಬಿಸಿಲು ಕಂಬದ ಬುಡಕ್ಕೆ ಬರುವಷ್ಟರಲ್ಲಿ ದಾರ ಬಿಗಿದಳು.

ಕಟ್ಟು ತಾನಾಗಿ ಮೇಲೆದ್ದು ತನ್ನ ಗೂಡಿಗೆ ಹೋಗಿ ಕುಳಿತಿತು. ಕ್ರಮ ಸರಿಯಿದ್ದರೆ ಮಾತ್ರ ಆ ಭಂಡಾರದ ಕಟ್ಟುಗಳು ಹಾಗೆ ಮಾಡುತ್ತಿದ್ದವು.

“ಹುಳುವಿನ ಶಿಷ್ಯೆ,” ಎಂದ ಧೂಮಕೀರ್ತಿ.

“ಅದು ಅಡಿಯಿಂದ ಮುಡಿಯವರೆಗೆ ಬಿಡದೆ ಓದಿದೆ, ಭಂಡಾರಿಗಳೇ. ಎಲ್ಲರೂ ಹಾಗೆ ಓದುವುದಿಲ್ಲ.”

ಎರಡನೆಯ ದಿನ ಅವನು ಒಂದೇ ಗ್ರಂಥದ ಮೂರು ಪ್ರತಿಗಳನ್ನು ಮುಂದಿಟ್ಟ. “ಒಂದು ನಿಜವಾದ ಪ್ರತಿ. ಎರಡು ನಾನು ಮಾಯೆಯಿಂದ ಮಾಡಿದವು. ನಾನು ಬಿಚ್ಚಿ ತೋರಿಸುತ್ತೇನೆ, ನೀನು ಕೈಯಿಟ್ಟು ಆರಿಸು. ತಪ್ಪಾದದ್ದರ ಮೇಲೆ ಕೈಯಿಟ್ಟರೆ ಅದೇನಾಗುತ್ತದೆಂದು ನಿನ್ನ ಕೈಗೇ ತಿಳಿಯುತ್ತದೆ.”

ಮೊದಲನೆಯದು ತುಂಬು ಸಾಲುಗಳ, ಮುತ್ತು ಪೋಣಿಸಿದಂಥ ಪ್ರತಿ. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಅಲ್ಲಲ್ಲಿ ಸಾಲಿನ ನಡುವೆ ಜಾಗ ಖಾಲಿ ಇತ್ತು.

“ಈ ಕುಂಟನನ್ನು ನೋಡಿ ಮರುಗಬೇಡ,” ಎಂದ ಅವನು.

ಬಾಚಲೆ ಮೂರನ್ನೂ ಇನ್ನೊಮ್ಮೆ ನೋಡಿದಳು. ಕೈಯನ್ನು ಮೂರನೆಯದರ ಮೇಲೆಯೇ ಇಟ್ಟಳು.

ಉಳಿದೆರಡೂ ಬುಸುಗುಟ್ಟಿ ಹೆಡೆಯೆತ್ತಿದವು. ದಾರಗಳು ಬಾಲವಾದವು, ಓಲೆಗಳು ಹುರುಪೆಯಾದವು. ಮೂರನೆಯದು ಅಲುಗಲಿಲ್ಲ.

“ಹೇಗೆ ತಿಳಿಯಿತು?” ಎಂದು ಅವನು ಹಲ್ಲು ಕಚ್ಚಿ ಕೇಳಿದ.

“ಮೂಲದ ಓಲೆ ಮುರಿದಿದ್ದರೆ, ಮುರಿದಷ್ಟೇ ಜಾಗವನ್ನು ಖಾಲಿ ಬಿಡಬೇಕು. ಕಾಣದ್ದನ್ನು ತನ್ನ ಮಾತಿನಿಂದ ತುಂಬಬಾರದು. ನಮ್ಮ ವೃತ್ತಿಯವರ ವ್ರತ ಅದು. ನಿಮ್ಮ ಪ್ರತಿಗಳಲ್ಲಿ ತಿಳಿಯದ್ದು ಯಾವುದೂ ಇರಲಿಲ್ಲ.”

ಅಂದು ಧೂಮಕೀರ್ತಿ ಉಣ್ಣಲಿಲ್ಲ.

ಮೂರನೆಯ ದಿನ ಬೆಳಗ್ಗೆ ಚಾವಡಿಯ ಕಂಬಗಳಿಗೆ ದಾರ ಕಟ್ಟಿ, ಬರಿಯ ಓಲೆಗಳನ್ನು ತೋರಣದಂತೆ ತೂಗುಹಾಕಿದ್ದರು. ಧೂಮಕೀರ್ತಿ ಎತ್ತರದ ಪೀಠದಲ್ಲಿ ಕುಳಿತಿದ್ದ. ಅವನ ತೊಡೆಯ ಮೇಲೆ ಕಡತವಿತ್ತು.

“ಬಂದ ಓದುಗರೆಲ್ಲ ಇಲ್ಲಿದ್ದಾರೆ,” ಎಂದ. “ಇವುಗಳಲ್ಲಿ ಒಂದು ನಿನ್ನ ತಮ್ಮ. ಅವನ ಹೆಸರನ್ನು ಓದು. ಓದಿದರೆ ಬರುತ್ತಾನೆ. ತಡಮಾಡಬೇಡ, ಚಿರತೆ ಮೂರು ದಿನದಿಂದ ಹಸಿದಿದೆ.”

ಅವನು ಚಿಟಿಕೆ ಹೊಡೆದ. ಚಿರತೆ ಎದ್ದಿತು. ಬಾಗಿಲು ತಾನಾಗಿ ಮುಚ್ಚಿತು.

ಬಾಚಲೆ ಹತ್ತಿರದ ಓಲೆಯನ್ನು ಹಿಡಿದಳು. ಅದರಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಭಯದಿಂದ ಅವಳ ಹೆಬ್ಬೆರಳು ಓಲೆಯನ್ನು ಉಜ್ಜಿತು. ಉಗುರಿಗೆ ಏನೋ ತಡೆಯಿತು. ಮತ್ತೆ ಉಜ್ಜಿದಳು, ಮತ್ತೆ ತಡೆಯಿತು. ಗೀರುಗಳು ಇದ್ದವು.

ಈ ಮನುಷ್ಯ ಓಲೆಯನ್ನೂ ಕಡತವೆಂದುಕೊಂಡಿದ್ದಾನೆ, ಎಂದು ಅವಳಿಗೆ ಹೊಳೆಯಿತು. ಕಡತದಲ್ಲಿ ಅಕ್ಷರ ಮೇಲೆ ಕೂರುತ್ತದೆ, ಒರೆಸಿದರೆ ಹೋಗುತ್ತದೆ. ಓಲೆಯಲ್ಲಿ ಅಕ್ಷರ ಕೊರೆದದ್ದು. ಅವನು ತೊಳೆದದ್ದು ಮಸಿಯನ್ನು ಮಾತ್ರ.

ಮಸಿ ಎಲ್ಲಿದೆ? ಚಿರತೆ ಕಾಲಿಟ್ಟಲ್ಲೆಲ್ಲ ನೆಲ ಮಸಿಯಾಗಿತ್ತು. ಮಸಿ ಅವಳ ಕಡೆಗೆ ನೆಗೆಯುತ್ತಿತ್ತು.

ಬಾಚಲೆ ಓಡಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಪಕ್ಕಕ್ಕೆ ಸರಿದು, ಹಾರಿಬಂದ ಚಿರತೆಯ ಮೈಗೆ ಓಲೆಯನ್ನು ಒತ್ತಿ ತಿಕ್ಕಿದಳು. ಉಗುರು ಅವಳ ತೋಳನ್ನು ಸೀಳಿತು. ಓಲೆಯ ಮೇಲೆ ಕಪ್ಪು ಅಕ್ಷರ ಎದ್ದಿತು. ಅವಳು ಗಟ್ಟಿಯಾಗಿ ಓದಿದಳು. “ಬೊಪ್ಪಣ್ಣ.” ನರೆತ ಗಡ್ಡದ ಒಬ್ಬ ಪಂಡಿತ ಅವಳ ಪಕ್ಕದಲ್ಲಿ ನಿಂತ. ಚಿರತೆ ಅಷ್ಟು ಕುಗ್ಗಿತು.

ಎರಡನೆಯ ಓಲೆ ತಿಕ್ಕಿದಳು. “ಸೋವಕ್ಕ.” ಒಬ್ಬ ಹೆಂಗಸು ಎದ್ದುಬಂದಳು. ಬಂದವರು ದಾರ ಹರಿದು ಓಲೆಗಳನ್ನು ಬಾಚಲೆಯ ಕೈಗೆ ಕೊಟ್ಟರು. ಅವಳು ತಿಕ್ಕಿದಳು, ಓದಿದಳು. ಚಿರತೆ ನಾಯಿಯಷ್ಟಾಯಿತು, ಬೆಕ್ಕಿನಷ್ಟಾಯಿತು, ಕೊನೆಗೆ ಅಂಗೈಯಗಲದ ಮರಿಯಾಯಿತು. ಬಾಚಲೆ ಅದರ ಕುತ್ತಿಗೆಯನ್ನು ಹಿಡಿದಳು. ಒಂದೇ ಓಲೆ ಉಳಿದಿತ್ತು. ಬಂದವರಲ್ಲಿ ಕೇತಯ್ಯನಿರಲಿಲ್ಲ.

ಅಷ್ಟರಲ್ಲಿ ಅವಳ ಪಾದಗಳು ತಣ್ಣಗಾದವು. ಬಗ್ಗಿ ನೋಡಿದರೆ ಬೆರಳುಗಳು ಕಲ್ಲಾಗಿದ್ದವು. ಧೂಮಕೀರ್ತಿ ಕಡತವನ್ನು ಬಿಚ್ಚಿ, ಬಾಚಲೆ ಕಲ್ಲಾಗಲೆಂದು ಬರೆಯುತ್ತಿದ್ದ. ಒಂದೊಂದು ಅಕ್ಷರಕ್ಕೂ ಕಲ್ಲು ಮೇಲೇರುತ್ತಿತ್ತು.

“ತಿಕ್ಕು,” ಎಂದ ಅವನು, ಕೈ ನಿಲ್ಲಿಸದೆ. “ಕೊನೆಯ ಮಸಿ, ಕೊನೆಯ ಓಲೆ. ತಮ್ಮ ಬರುತ್ತಾನೆ. ಅಕ್ಕನ ವಿಗ್ರಹಕ್ಕೆ ಹೂವೇರಿಸಲು ಒಬ್ಬರು ಬೇಕಲ್ಲ.”

ಕಲ್ಲು ಮೊಣಕಾಲಿಗೆ ಬಂತು. ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ತಮ್ಮ. ಬಾಚಲೆ ತಮ್ಮನನ್ನು ಎದೆಗೆ ಒತ್ತಿ ಹಿಡಿದು, ಮರಿಯನ್ನು ಬಿಟ್ಟುಬಿಟ್ಟಳು.

“ಹೋಗು. ನಿನ್ನನ್ನು ಸಾಕಿದವನ ಮಡಿಲಿಗೆ ಹೋಗು.”

ಹೆದರಿದ ಮರಿ ಎಲ್ಲಿಗೆ ಓಡೀತು? ಒಂದೇ ನೆಗೆತಕ್ಕೆ ಪೀಠವೇರಿ, ಯಜಮಾನನ ತೊಡೆಯ ಮೇಲೆ, ಬಿಚ್ಚಿದ ಕಡತದ ಮೇಲೆ ಹೊರಳಿತು. ಸವೆದ ಕಡತಕ್ಕೆ ಕಪ್ಪು ಬಳಿದರೆ ಏನಾಗುತ್ತದೋ ಅದೇ ಆಯಿತು. ಬಿಳಿಯ ಅಕ್ಷರಗಳೆಲ್ಲ ಮುಚ್ಚಿಹೋದವು. ಮೊದಲು ಬಾಚಲೆಯ ಹೆಸರು ಹೋಯಿತು, ಆಮೇಲೆ ಅವನ ಯೌವನ ಹೋಯಿತು. ಧೂಮಕೀರ್ತಿ ತೋಳಿನಿಂದ ಒರೆಸಿದ. ಒರೆಸಿದಷ್ಟೂ ಕಪ್ಪು ಹರಡಿತು. ಅವನ ಕೂದಲು ನರೆಯಿತು, ಬೆನ್ನು ಬಾಗಿತು, ಹಲ್ಲು ಉದುರಿತು. ಬಳಪಕ್ಕಾಗಿ ತಡಕಾಡುತ್ತಲೇ ಅವನು ಒಂದು ಹಿಡಿ ಬೂದಿಯಾದ. ಪೀಠದ ಮೇಲೆ ಕರಿಯ ಬಟ್ಟೆಯೊಂದು ಉಳಿಯಿತು.

ಬಾಚಲೆಯ ಕಾಲಿಗೆ ರಕ್ತ ಮರಳಿತು. ಬಾಗಿಲು ತೆರೆಯಿತು. ಆದರೆ ಅವಳ ಕೈಯಲ್ಲಿದ್ದ ಓಲೆ ಬರಿದಾಗಿಯೇ ಇತ್ತು. ಬಂದ ಓದುಗರು ಸುತ್ತ ನಿಂತರು. ಮಾಯೆಯ ಮಸಿ ಮುಗಿಯಿತಲ್ಲ ಎಂದು ಬೊಪ್ಪಣ್ಣ ಮೆಲ್ಲಗೆ ಹೇಳಿದ. ಬಾಚಲೆಯ ತೋಳಿನ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆಗ ಮಾಚವ್ವ ಮಸಿಬಟ್ಟೆ ಹಿಡಿದು ಒಳಗೆ ಬಂದಳು. ಎಲ್ಲರ ಮುಖ ನೋಡಿದಳು. ಬೂದಿಯನ್ನೂ ನೋಡಿದಳು.

“ಇದನ್ನೂ ನಾನೇ ಗುಡಿಸಬೇಕೇನು?” ಎಂದಳು. “ನೀನೇಕೆ ಹೀಗೆ ನಿಂತಿದ್ದೀಯೆ?”

“ಮಸಿ ಬೇಕು, ಅವ್ವ.”

“ಮಸಿಗೆ ಇಷ್ಟು ಗೋಳೇ? ದಿನವೂ ಒಂದು ಚಟ್ಟಿ ತುಂಬ ಬಿಸಾಡುತ್ತೇನೆ.”

ಬಾಚಲೆ ಅವಳ ಮುಖವನ್ನೇ ನೋಡಿದಳು. ಓಲೆಗೆ ಯಾವ ಮಸಿಯಾದರೇನು? ಅಕ್ಷರವಿರುವುದು ಗೀರಿನಲ್ಲಿ. ಮಾಂತ್ರಿಕನ ಮಸಿಯೇ ಬೇಕೆಂದು ತಾನೂ ಒಂದು ಗಳಿಗೆ ನಂಬಿದ್ದಳು. ದೀಪದ ಗೂಡಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಓಲೆಗೆ ತಿಕ್ಕಿ, ಸೆರಗಿನಿಂದ ಒರೆಸಿದಳು. ಅವಸರದಲ್ಲಿ ಮಸಿ ಹೆಚ್ಚಾಯಿತು. ಆದರೂ ಅಕ್ಷರಗಳು ಎದ್ದವು. ಅದು ತಂದೆ ತಿದ್ದಿಸಿದ ಕೈಬರಹ.

“ಬಿಲ್ಲಗೆರೆಯ ಕೇತಯ್ಯ,” ಎಂದು ಓದಿದಳು.

ಕೇತಯ್ಯ ಎದುರಿಗೆ ನಿಂತಿದ್ದ. ಹಣೆಯಿಂದ ಗಲ್ಲದವರೆಗೆ ಕರಿ. ಅವನು ಮೂಗನ್ನು ಮುಟ್ಟಿ ನೋಡಿಕೊಂಡ.

“ಅಕ್ಕಾ, ಮಸಿ ತೆಳುವಾಗಿ ತಿಕ್ಕಬೇಕೆಂದು ಅಪ್ಪ ನಿನಗೆ ಎಷ್ಟು ಸಲ ಹೇಳಿದ್ದರು.”

“ಹೇಳಿದ್ದರು,” ಎಂದಳು ಬಾಚಲೆ. ಅನಂತರ ಅವನ ಕೈ ಹಿಡಿದು ನೆಲದ ಮೇಲೆ ಕುಳಿತು ಅತ್ತಳು.

ಓದುಗರೆಲ್ಲ ಸೇರಿ ತೊಳೆದ ಓಲೆಗಳಿಗೆ ಒಂದೊಂದಾಗಿ ಮಸಿ ತಿಕ್ಕಿದರು. ಬಾವಿಯ ಗ್ರಂಥ ಮೂಡಿದ ದಿನ ತೋಡುವವರ ಸಲಿಕೆಗೆ ನೀರು ಸಿಕ್ಕಿತು. ಬೇರಿನ ಗ್ರಂಥ ಮೂಡಿದ ದಿನ ಜ್ವರ ಇಳಿಯಿತು. ಅರಸನು ಬಾಚಲೆಯನ್ನು ಭಂಡಾರಕ್ಕೆ ಒಡತಿಯನ್ನಾಗಿ ಮಾಡಿದ. ಅವಳು ಪ್ರತಿ ಗ್ರಂಥಕ್ಕೂ ಪ್ರತಿಗಳನ್ನು ಮಾಡಿಸಿ ಊರೂರಿಗೆ ದಾನ ಕೊಟ್ಟಳು. ಮುರಿದ ಜಾಗವನ್ನು ಯಾರೂ ತುಂಬಲಿಲ್ಲ. ಪೀಠದ ಮೇಲಿನ ಕರಿಯ ಬಟ್ಟೆಯನ್ನು ಮಾಚವ್ವ ದೀಪ ಒರೆಸಲು ಇಟ್ಟುಕೊಂಡಳು.

ಡಂಗುರ ಈಗಲೂ ವರ್ಷಕ್ಕೊಮ್ಮೆ ಹೊರಡುತ್ತಿತ್ತು. ಆದರೆ ತೆರವಾದ ಸ್ಥಾನವನ್ನು ಸಾರುವ ಮೊದಲು, ಹಿಂದಿನ ವರ್ಷ ಹೋದವರು ಕ್ಷೇಮವಾಗಿ ಮನೆ ಸೇರಿದರೆಂದು ಒಬ್ಬೊಬ್ಬರ ಹೆಸರನ್ನೂ ಹೇಳಿ ಸಾರಬೇಕೆಂಬುದು ಹೊಸ ಕಟ್ಟಳೆಯಾಯಿತು. ಆ ಹೆಸರುಗಳನ್ನು ಕೇಳಿದ ತಾಯಂದಿರು ನಿಶ್ಚಿಂತೆಯಿಂದ ಒಲೆ ಹೊತ್ತಿಸಿದರು. ಹೊಂಬೊಳಲಿನ ಮನೆಮನೆಯಲ್ಲೂ ದೀಪ ಉರಿಯಿತು, ಗೂಡಿನಲ್ಲಿ ಮಸಿ ಕೂಡಿತು, ಓಲೆಗೆ ಮಸಿಯ ಕೊರತೆ ಮತ್ತೆಂದೂ ಬರಲಿಲ್ಲ.